ರಾತ್ರಿ ಮಲಗ್ತಾಳಾ?

ಮಗುವನ್ನು ನೋಡಲು ಬಂದವರು ಮೊದಲು "ಯಾರ ಹಾಗೆ ಕಾಣ್ತಾಳೆ?" ಎನ್ನುತ್ತಾರೆ. ಚಹಾದ ಲೋಟ ಕೆಳಗಿಡುವ ಹೊತ್ತಿಗೆ ಎರಡನೆಯ ಪ್ರಶ್ನೆ ಬರುತ್ತದೆ. "ರಾತ್ರಿ ಮಲಗ್ತಾಳಾ?"

ಮಗಳಿಗೆ ಹತ್ತು ತಿಂಗಳಾದಾಗಿನಿಂದ ಒಂದೂವರೆ ವರ್ಷ ತುಂಬುವವರೆಗೆ ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. "ಪರವಾಗಿಲ್ಲ, ಮಲಗ್ತಾಳೆ." ಹಸಿ ಸುಳ್ಳು. ರಾತ್ರಿಗೆ ಐದು ಸಲ ಏಳುತ್ತಿದ್ದಳು, ಕೆಲವು ರಾತ್ರಿ ಏಳು ಸಲ. ನಿಜ ಹೇಳಿದರೆ ಏನಾಗುತ್ತದೆಂದು ಒಮ್ಮೆ ನೋಡಿ ಆಗಿತ್ತು. ಮಸ್ಕತ್‌ನ ಒಂದು ಹಬ್ಬದ ಊಟದಲ್ಲಿ ಬಾಯಿ ಬಿಟ್ಟಿದ್ದಕ್ಕೆ, ಪಾಯಸ ಬಡಿಸುವುದರೊಳಗೆ ಎಂಟು ಸಲಹೆ ಸಿಕ್ಕಿದವು. ದೃಷ್ಟಿ ತೆಗಿ, ರಾಗಿ ಮಣ್ಣಿ ಇನ್ನೂ ಗಟ್ಟಿ ಮಾಡು, ಎ.ಸಿ. ಜಾಸ್ತಿ ಮಾಡು, ಎ.ಸಿ. ಬಂದ್ ಮಾಡು, ಎದೆಹಾಲು ಬಿಡಿಸು, ಬಿಡಿಸಿದ್ದಕ್ಕೇ ಹೀಗೆ. ಎಲ್ಲ ಒಳ್ಳೆಯ ಮನಸ್ಸಿನಿಂದ ಹೇಳಿದವೇ. ಆದರೆ ಮಲಗುವ ಮಗು ಒಳ್ಳೆಯ ಮಗು, ಮಲಗದ ಮಗುವಿನ ತಾಯಿಗೆ ಏನೋ ಬರುವುದಿಲ್ಲ ಎಂಬ ಅರ್ಥ ಪ್ರತಿಯೊಂದರ ಅಡಿಯಲ್ಲೂ ಇರುತ್ತದೆ. ಅದನ್ನು ಕೇಳುವುದಕ್ಕಿಂತ ಸುಳ್ಳು ಹೇಳುವುದು ಸುಲಭ.

ಕಳೆದ ವಾರ ಮಬೇಲಾದಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗಿದ್ದೆ. ನಾನೂ ಅದೇ ಪ್ರಶ್ನೆ ಕೇಳಿಬಿಟ್ಟೆ ನೋಡಿ! ಆ ಹುಡುಗಿ ಕೇಕ್ ತುಂಡು ಮಾಡುತ್ತ, ನನ್ನ ಮುಖ ನೋಡದೆ, "ಪರವಾಗಿಲ್ಲಕ್ಕಾ, ಮಲಗ್ತಾನೆ" ಅಂದಳು. ಮಾತೂ ಗೊತ್ತು, ಧ್ವನಿಯೂ ಗೊತ್ತು. ಈ ಸಲದ ಅಂಕಣ ಅವಳಿಗೆ.

ನಮ್ಮ ಕಥೆ ಮೊದಲಿನಿಂದ ಹೇಳುತ್ತೇನೆ. ಮಗಳು ಹುಟ್ಟಿದ್ದು ಇಲ್ಲೇ. ಒಮಾನಿನ 2023ರ ಕಾರ್ಮಿಕ ಕಾನೂನಿನಂತೆ ತಾಯಿಗೆ 98 ದಿನ ಹೆರಿಗೆ ರಜೆ, ತಂದೆಗೆ 7 ದಿನ. ಮೊದಲಿಗಿಂತ ಎಷ್ಟೋ ವಾಸಿ, ಅದರಲ್ಲಿ ಅನುಮಾನವಿಲ್ಲ. ಆದರೆ ಏಳು ದಿನ ಅಂದರೆ ಏಳು ರಾತ್ರಿ. ಪುತ್ತೂರಿನಿಂದ ಅಮ್ಮ ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳು ಬಾಣಂತನ ಮಾಡಿದರು. ಅವರು ಮಂಗಳೂರಿನ ವಿಮಾನ ಹತ್ತಿದ ವಾರವೇ ನನ್ನ ರಜೆಯೂ ಮುಗಿಯಿತು. ಹಗಲು ಮಗುವನ್ನು ನೋಡಿಕೊಳ್ಳಲು ಕೆಳಗಿನ ಮನೆಯ ಅಕ್ಕ ಒಪ್ಪಿದರು. ರಾತ್ರಿಗೆ ಮಾತ್ರ ಅಲ್ ಖೂದ್‌ನ ಎರಡು ಬೆಡ್‌ರೂಮಿನ ಫ್ಲಾಟು ಮತ್ತು ನಾವಿಬ್ಬರು.

ಊರಿನಲ್ಲಾದರೆ ಜಂತಿಗೆ ಹಗ್ಗ ಕಟ್ಟಿ ತೊಟ್ಟಿಲು ಇಳಿಬಿಡುತ್ತಿದ್ದರು. ಇಲ್ಲಿ ಬಾಡಿಗೆ ಮನೆಯ ಫಾಲ್ಸ್ ಸೀಲಿಂಗಿನಲ್ಲಿ ಒಂದು ಕೊಕ್ಕೆ ಇಲ್ಲ. ಸ್ಟ್ಯಾಂಡಿನ ಸ್ಪ್ರಿಂಗ್ ತೊಟ್ಟಿಲು ತಂದೆವು. ತೂಗಿದಷ್ಟು ಹೊತ್ತು ಮಗಳು ಕಣ್ಣು ಮುಚ್ಚುತ್ತಿದ್ದಳು, ಕೈ ನಿಂತರೆ ಕಣ್ಣು ಬಿಡುತ್ತಿದ್ದಳು. ಒಂಬತ್ತು ತಿಂಗಳಿಗೆ ಅದರಲ್ಲಿ ಎದ್ದು ನಿಲ್ಲಲು ಕಲಿತ ಮೇಲೆ ತೊಟ್ಟಿಲು ಅಪಾಯವಾಯಿತು, ಕಾರು ಶುರುವಾಯಿತು. ನಡುರಾತ್ರಿ ಅವಳನ್ನು ಕಾರ್ ಸೀಟಿಗೆ ಕಟ್ಟಿ ಮವಾಲಿ ದಾಟಿ ಸೀಬ್ ಕಾರ್ನಿಶ್‌ವರೆಗೆ ಹೋಗಿ ಬರುವುದು. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ದೀಪ ಕಾಣುತ್ತಿತ್ತು. ಸಮುದ್ರದ ಪಕ್ಕ ನಿಧಾನಕ್ಕೆ ತೆವಳುವ ಬೇರೆ ಕಾರುಗಳೂ ಇರುತ್ತಿದ್ದವು. ಒಂದರ ಹಿಂದಿನ ಸೀಟಿನಲ್ಲಿ ಒಮಾನಿ ಅಮ್ಮನೊಬ್ಬಳು ಕೂಸನ್ನು ತಟ್ಟುತ್ತಿದ್ದುದನ್ನು ನೋಡಿ ನನಗೆ ಅಳು ಬಂದಿತ್ತು, ಸಂತೋಷಕ್ಕೆ.

ಮನೆಗೆ ಬಂದು ಕಾರ್ ಸೀಟಿನಿಂದ ಎತ್ತಿ ಮಂಚಕ್ಕೆ ಇಳಿಸಿದರೆ ಮತ್ತೆ ಮೊದಲಿನದೇ ರಾಗ.

ಯಾಕೆ ಹೀಗೆ ಎಂದು ಆಮೇಲೆ ಮಕ್ಕಳ ಡಾಕ್ಟರೊಬ್ಬರು ತಿಳಿಸಿ ಹೇಳಿದರು. ಕೂಸುಗಳ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆಯದು, ನಮ್ಮದು ಒಂದೂವರೆ ಗಂಟೆಯ ಹತ್ತಿರ. ಸುತ್ತಿನ ಕೊನೆಯಲ್ಲಿ ಎಲ್ಲರಿಗೂ ಅರೆ ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಬೆಂಗಳೂರಿನಿಂದ ಪುತ್ತೂರಿಗೆ ಬರುವ ರಾತ್ರಿ ಬಸ್ಸನ್ನು ನೆನೆಸಿಕೊಳ್ಳಿ. ಓಡುವಾಗ ಗೊರಕೆ ಹೊಡೆಯುತ್ತಿದ್ದವರಿಗೆಲ್ಲ ಬಸ್ಸು ಚಹಾಕ್ಕೆ ನಿಂತ ಕೂಡಲೇ ಎಚ್ಚರ, "ಎಲ್ಲಿ ಬಂತು?" ಅಂತ. ನಮ್ಮ ಮಗಳೂ ಅಷ್ಟೇ. ತೂಗುವಾಗ ನಿದ್ದೆ ಹೋದವಳು ಅಲುಗಾಡದ ಹಾಸಿಗೆಯಲ್ಲಿ ಅರೆ ಎಚ್ಚರವಾದಾಗ "ಎಲ್ಲಿ ಬಂತು?" ಎಂದು ಕೇಳುತ್ತಿದ್ದಳು, ಅವಳ ಭಾಷೆಯಲ್ಲಿ, ಅಕ್ಕಪಕ್ಕದ ಮೂರು ಮನೆಗೆ ಕೇಳುವಂತೆ. ಅದರ ಮೇಲೆ ಎಂಟು-ಹತ್ತು ತಿಂಗಳಲ್ಲಿ ಅಮ್ಮ ಕಣ್ಣಿಗೆ ಬೀಳದಿದ್ದರೂ ಎಲ್ಲೋ ಇದ್ದಾಳೆ ಎಂಬ ತಿಳಿವಳಿಕೆ ಬರುತ್ತದಂತೆ. ಇದ್ದಾಳೆ ಅಂದಮೇಲೆ ಕರೆಯಬೇಕಲ್ಲ!

ಇನ್ನೊಂದು ಮಾತು. 2018ರಲ್ಲಿ ಕೆನಡಾದ ಸಂಶೋಧಕರು ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷದ ಮಕ್ಕಳಲ್ಲಿ ಶೇ. 28ರಷ್ಟು ಮಕ್ಕಳು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ಎಂಟು ಗಂಟೆಯ ಲೆಕ್ಕ ಹಿಡಿದರೆ ಮಲಗದವರು ಶೇ. 43. ಹಾಗೆ ಏಳುವ ಮಕ್ಕಳ ಬೆಳವಣಿಗೆಯಲ್ಲಿ ಕೊರತೆಯೂ ಕಾಣಲಿಲ್ಲ. ಮಬೇಲಾದ ಹುಡುಗಿಗೆ ನಾನು ಅಂದು ಹೇಳದೆ ಉಳಿದದ್ದು ಇದನ್ನು. ನಿನ್ನ ಮಗನ ತಪ್ಪಲ್ಲ, ನಿನ್ನ ತಪ್ಪಂತೂ ಅಲ್ಲವೇ ಅಲ್ಲ.

ಆದರೆ ಮಗುವಿಗೆ ತೊಂದರೆಯಿಲ್ಲ ಅಂದ ಮಾತ್ರಕ್ಕೆ ಮನೆಗೆ ತೊಂದರೆಯಿಲ್ಲ ಎಂದಲ್ಲ. ಇನ್ನು ಹೇಳುವ ಎರಡು ಸಂಗತಿಗಳನ್ನು ಬರೆಯಲು ನಮ್ಮವರ ಒಪ್ಪಿಗೆ ಕೇಳಿದ್ದೇನೆ.

ಅವರಿಗೆ ವಾರಕ್ಕೆ ಎರಡು ದಿನ ಸೋಹಾರ್‌ನಲ್ಲಿ ಕೆಲಸ. ಹೋಗಲು ಸುಮಾರು ಇನ್ನೂರು ಕಿಲೋಮೀಟರ್. ಬಾತಿನಾ ಎಕ್ಸ್‌ಪ್ರೆಸ್‌ವೇ ಹೇಗಿದೆಯೆಂದು ಇಲ್ಲಿಯವರಿಗೆ ಗೊತ್ತು. ನೇರ, ಚಪ್ಪಟೆ, ಎರಡೂ ಕಡೆ ಒಂದೇ ಬಣ್ಣ. ಮಗಳಿಗೆ ಹದಿಮೂರು ತಿಂಗಳಿದ್ದಾಗ ಒಂದು ಬುಧವಾರ ಬೆಳಿಗ್ಗೆ ರಸ್ತೆಯಂಚಿನ ಉಬ್ಬುಪಟ್ಟಿಯ ಗರ್ರ್ ಶಬ್ದಕ್ಕೆ ಅವರಿಗೆ ಎಚ್ಚರವಾಯಿತು. ಎಚ್ಚರವಾಯಿತು ಅಂದರೆ ಅದಕ್ಕೆ ಮೊದಲು ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿದ್ದರು ಎಂದರ್ಥ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ನಡುಗುತ್ತ ಕೂತರಂತೆ. ನನಗೆ ಹೇಳಿದ್ದು ಒಂದು ವಾರದ ನಂತರ. ಹದಿನೇಳು ಗಂಟೆ ನಿದ್ದೆಯಿಲ್ಲದವನ ಕೈ-ಕಣ್ಣು, ರಕ್ತದಲ್ಲಿ ಶೇ. 0.05 ಮದ್ಯ ಇರುವವನ ಹಾಗೆ ಕೆಲಸ ಮಾಡುತ್ತವೆ ಎಂದು 1997ರಲ್ಲೇ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಕುಡಿಯದ ಮನುಷ್ಯ, ತಿಂಗಳುಗಟ್ಟಲೆ ಕುಡಿದವನ ಹಾಗೆ ಕಾರು ಓಡಿಸಿದ್ದ.

ಎರಡನೆಯದು ನನ್ನದು. ಅದೇ ತಿಂಗಳು ಒಂದು ರಾತ್ರಿ, ಎಷ್ಟನೆಯ ಸಲವೋ ಎದ್ದಿದ್ದೆ. ಅವಳು ಬೆನ್ನು ಬಿಲ್ಲಿನ ಹಾಗೆ ಮಾಡಿ ಕಿರುಚುತ್ತಿದ್ದಳು. ನಾನು ಅವಳನ್ನು ಹಾಸಿಗೆಗೆ ಇಳಿಸಲಿಲ್ಲ, ಒಗೆದೆ. ಸಣ್ಣ ಎತ್ತರದಿಂದ, ಮೆತ್ತನೆಯ ಹಾಸಿಗೆಗೆ, ಏನೂ ಆಗಲಿಲ್ಲ. ಆದರೆ ನನ್ನ ಕೈಗಳಲ್ಲಿ ಇನ್ನೂ ಏನೋ ಬಾಕಿ ಇರುವುದು ನನಗೆ ಗೊತ್ತಾಯಿತು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿ ನಲ್ಲಿ ಬಿಟ್ಟುಕೊಂಡು ಕೂತೆ. ಅವಳು ಅಳುತ್ತಲೇ ಇದ್ದಳು. ಆ ಬಾಗಿಲು ಹಾಕಿಕೊಂಡದ್ದೇ ಅಂದು ನಾನು ಮಾಡಿದ ಸರಿಯಾದ ಕೆಲಸ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಸಿಟ್ಟು ತಲೆಗೇರಿದಾಗ ಮಗುವನ್ನು ಕಟಕಟೆಯ ಮಂಚದಲ್ಲಿ ಬೆನ್ನ ಮೇಲೆ ಮಲಗಿಸಿ ಹೊರಗೆ ಹೋಗಿ, ಹತ್ತು ನಿಮಿಷ ಅಳಲಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಹಿಡಿದು ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಜೀವವೇ ಹೋಗಬಹುದು.

ನಲ್ಲಿ ನಿಲ್ಲಿಸಿ ಹೊರಗೆ ಬಂದಾಗ ನಾಲ್ಕು ಗಂಟೆ. ಫಜರ್ ಆಜಾನ್ ಆಗುತ್ತಿತ್ತು. ನಮ್ಮ ನಾಲ್ಕು ಅಂದರೆ ಊರಿನ ಐದೂವರೆ, ಅಮ್ಮ ಎದ್ದಿರುತ್ತಾರೆ. ಮಗಳನ್ನು ಹೆಗಲಿಗೆ ಹಾಕಿಕೊಂಡು ಫೋನ್ ಮಾಡಿದೆ. ಹಂಡೆಯ ಒಲೆಗೆ ತೆಂಗಿನ ಮಡಲು ಮುರಿದು ಹಾಕುವ ಸದ್ದು ಕೇಳುತ್ತಿತ್ತು.

"ಎಂತಾಯ್ತು ಮಗಾ, ಈ ಹೊತ್ತಿಗೆ?"

ಹೇಳಿದೆ. ಒಗೆದದ್ದನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಕ್ಕಳು ಚೆಂದಕೆ ಮಲಗ್ತಿದ್ರು ಅಂತ ನಿನ್ನತ್ರ ಹೇಳಿದ್ದು ಸುಳ್ಳು ಮಾರಾಯ್ತಿ" ಅಂದರು. "ನೀನು ಎರಡು ವರ್ಷದವರೆಗೂ ಎದ್ದದ್ದೇ. ಆದ್ರೆ ಏಳ್ತಿದ್ದದ್ದು ನಾನೊಬ್ಬಳೇ ಅಲ್ಲ. ಅಜ್ಜಿ ಎತ್ತಿಕೊಳ್ತಿದ್ರು, ದೊಡ್ಡಮ್ಮ ಇದ್ರು, ನಿನ್ನ ಚಿಕ್ಕಿಗೆ ಮದುವೆ ಆಗಿರಲಿಲ್ಲ. ನನಗೆ ಎಷ್ಟೋ ರಾತ್ರಿ ನೀನು ಎದ್ದದ್ದೇ ಗೊತ್ತಿಲ್ಲ. ಅಲ್ಲಿ ನಿಂಗೆ ಯಾರಿದ್ದಾರೆ?"

ಇಲ್ಲಿ ಯಾರಿದ್ದಾರೆ? ಅಲ್ಲೇ ಪಕ್ಕದ ಕೋಣೆಯಲ್ಲಿ, ಅವರೂ ಎಚ್ಚರವಾಗಿಯೇ, "ನಾನು ಬರಲಾ?" ಎಂದು ಕೇಳಿ ನನ್ನಿಂದ ಬೈಸಿಕೊಂಡು ಮಲಗಿದ್ದ ಮನುಷ್ಯ ಒಬ್ಬರಿದ್ದರು. ಪ್ರತಿ ಅಳುವಿಗೆ ಇಬ್ಬರಿಗೂ ಎಚ್ಚರ. ಒಬ್ಬರು ಎತ್ತಿಕೊಳ್ಳುವುದು, ಇನ್ನೊಬ್ಬರು ಕತ್ತಲೆಯಲ್ಲಿ ಕಣ್ಣು ಬಿಟ್ಟು ಅಪರಾಧಿಯ ಹಾಗೆ ಬಿದ್ದುಕೊಳ್ಳುವುದು. ಹೀಗೆ ಇಬ್ಬರ ನಿದ್ದೆಯೂ ಹೋಗುತ್ತಿತ್ತು, ಲಾಭ ಯಾರಿಗೂ ಇಲ್ಲ. ಪುಸ್ತಕ, ವಿಡಿಯೊ, ಹಿರಿಯರು ಎಲ್ಲರೂ ಮಗುವಿನ ನಿದ್ದೆಯ ಬಗ್ಗೆಯೇ ಹೇಳುತ್ತಿದ್ದರು. ನಮಗೆ ಮೊದಲು ಬೇಕಾದದ್ದು ನಮ್ಮ ನಿದ್ದೆಯ ಲೆಕ್ಕ.

ಆ ಶುಕ್ರವಾರ ಕೂತು ರಾತ್ರಿಯನ್ನು ಪಾಲು ಮಾಡಿದೆವು. ಪಿತ್ರಾರ್ಜಿತ ಆಸ್ತಿ ಪಾಲು ಮಾಡುವಷ್ಟೇ ಜಗಳವಾಯಿತು ಅನ್ನಿ. ಕೊನೆಗೆ ಫ್ರಿಜ್ಜಿನ ಮೇಲೆ ಚೀಟಿ ಅಂಟಿತು. ರಾತ್ರಿ ಒಂಬತ್ತರಿಂದ ಎರಡರವರೆಗೆ ಅಪ್ಪನ ಪಾಳಿ, ಎರಡರಿಂದ ಬೆಳಗಿನವರೆಗೆ ನನ್ನದು. ಪಾಳಿ ಇಲ್ಲದವರು ಇನ್ನೊಂದು ಕೋಣೆಯಲ್ಲಿ, ಬಾಗಿಲು ಹಾಕಿ, ಫ್ಯಾನ್ ಜೋರಾಗಿಟ್ಟು ಮಲಗಬೇಕು. ಅಳು ಕೇಳಿದರೂ ಕರೆಯದ ಹೊರತು ಬರುವಂತಿಲ್ಲ. ಸೋಹಾರ್‌ಗೆ ಹೋಗುವ ಹಿಂದಿನ ರಾತ್ರಿ ಪೂರ್ತಿ ನನ್ನದು. ಅದಕ್ಕೆ ಬದಲಾಗಿ ವಾರದ ರಜೆ ಶುರುವಾಗುವ ಗುರುವಾರ ರಾತ್ರಿ ಪೂರ್ತಿ ಅವರದು. ಆರು ತಿಂಗಳ ನಂತರ ಮೊದಲ ಸಲ ಐದು ಗಂಟೆ ಒಂದೇ ಸಮನೆ ಮಲಗಿ ಎದ್ದ ದಿನ, ಗೋಡೆಯ ಬಣ್ಣ ಬೇರೆಯಾಗಿ ಕಂಡಿತು. ಉತ್ಪ್ರೇಕ್ಷೆಯಲ್ಲ.

ಮಗಳು ಮಾತ್ರ ಏಳುತ್ತಲೇ ಇದ್ದಳು. ಆದರೆ ಇಬ್ಬರಿಗೂ ಸ್ವಲ್ಪ ಬುದ್ಧಿ ನೆಟ್ಟಗಾದ ಮೇಲೆಯೇ ಅವಳ ವಿಷಯಕ್ಕೆ ಕೈ ಹಾಕಲು ಸಾಧ್ಯವಾಯಿತು. ಅಪ್ಪನ ಪಾಳಿಯಲ್ಲಿ ಎದೆಹಾಲಿನ ವಾಸನೆ ಇಲ್ಲ, ಕೇಳಿದರೂ ಸಿಗುವುದಿಲ್ಲ. ಮೂರು ರಾತ್ರಿ ರಂಪ ಮಾಡಿ, ನಾಲ್ಕನೆಯ ರಾತ್ರಿ ಅಪ್ಪನಿಂದ ನೀರು ಕುಡಿದು ಮಲಗಿದಳು. ಮಲಗಿಸುವಾಗ ತೂಗುವುದು ಬಿಟ್ಟು ಹಾಸಿಗೆಯಲ್ಲೇ ಬೆನ್ನು ತಟ್ಟುವುದು. ಕೆಲವು ದಿನದ ನಂತರ ತಟ್ಟುವುದೂ ಬಿಟ್ಟು ಬರೀ ಕೈ ಇಡುವುದು. ಆಮೇಲೆ ಪಕ್ಕದಲ್ಲಿ ಸುಮ್ಮನೆ ಕೂರುವುದು. ನಮಗೆ ಇದಕ್ಕೆ ಎರಡು ತಿಂಗಳು ಹಿಡಿಯಿತು. ಹಲ್ಲು ಬಂದಾಗ, ಜ್ವರ ಬಂದಾಗ ಮತ್ತೆ ಹಿಂದಕ್ಕೆ ಹೋದೆವು.

ಅಳಲು ಬಿಟ್ಟು ಕಲಿಸುವ ವಿಧಾನದ ಬಗ್ಗೆ ಕೇಳುವವರಿದ್ದಾರೆ. ಅಮೆರಿಕದ ಡಾ. ರಿಚರ್ಡ್ ಫರ್ಬರ್ 1985ರ ಪುಸ್ತಕದಲ್ಲಿ ಹೇಳಿದ್ದು, ಸ್ವಲ್ಪ ಸ್ವಲ್ಪ ಸಮಯ ಹೆಚ್ಚಿಸುತ್ತ ಹೋಗಿ ನೋಡಿ ಬರುವ ಕ್ರಮ. ಇಂಥ ಕ್ರಮಗಳನ್ನು ಕಲಿಸಿಕೊಟ್ಟ ಮನೆಗಳ ಮಕ್ಕಳನ್ನು ಆಸ್ಟ್ರೇಲಿಯಾದಲ್ಲಿ ಆರು ವರ್ಷದವರೆಗೆ ಗಮನಿಸಿದ್ದಾರೆ. 2012ರಲ್ಲಿ ಬಂದ ಫಲಿತಾಂಶದಲ್ಲಿ ಮಕ್ಕಳಿಗೆ ಹಾನಿಯೂ ಕಾಣಲಿಲ್ಲ, ಆ ವಯಸ್ಸಿಗೆ ಉಳಿದ ಲಾಭವೂ ಕಾಣಲಿಲ್ಲ. ಹಾಗಾಗಿ ಮಾಡಿದವರು ಪಾಪಿಗಳಲ್ಲ, ಮಾಡದವರು ದಡ್ಡರಲ್ಲ. ನನಗೆ ಮನಸ್ಸು ಒಪ್ಪಲಿಲ್ಲ, ಗೋಡೆಯೂ ತೆಳು. ಎದುರು ಮನೆಯ ಒಮಾನಿ ಅಜ್ಜಿ ಒಂದು ಬೆಳಿಗ್ಗೆ ಹಲ್ವಾದ ಬಟ್ಟಲು ಹಿಡಿದು ಬಂದು, "ಮಾಫಿ ನೌಮ್?" ಎಂದು ಕೆನ್ನೆಗೆ ಕೈಯಿಟ್ಟು ಕೇಳಿದರು. ದೂರಲು ಬಂದಿದ್ದಾರೆ ಎಂದುಕೊಂಡಿದ್ದೆ. ಅಲ್ಲ, ಮಗುವನ್ನು ಒಂದು ಗಂಟೆ ತನ್ನ ಹತ್ತಿರ ಬಿಟ್ಟು ಹೋಗಿ ಮಲಗು ಎನ್ನಲು ಬಂದಿದ್ದರು. ನಾಚಿಕೊಳ್ಳದೆ ಬಿಟ್ಟೆ. ನಿಮ್ಮ ಎದುರು ಮನೆಯಲ್ಲೂ ಇಂಥವರು ಇರಬಹುದು.

ಮಾಡಲೇಬಾರದ ಒಂದು ಇದೆ. "ಸ್ವಲ್ಪ ನೆಗಡಿ ಸಿರಪ್ ಕೊಡು, ಮಲಗ್ತದೆ" ಎಂಬ ಮಾತನ್ನು ನಾನು ಒಂದಲ್ಲ, ಮೂರು ಜನರ ಬಾಯಲ್ಲಿ ಕೇಳಿದ್ದೇನೆ. ಮಂಪರು ಬರಿಸುವ ಆ ಔಷಧಗಳು ನಿದ್ದೆಗೆಂದು ಕೊಡುವಂಥವಲ್ಲ. ಕ್ಲೋರ್‌ಫೆನಿರಮೈನ್-ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರ್‌ನಲ್ಲಿ ಭಾರತದ ಔಷಧ ನಿಯಂತ್ರಕರೇ ಎಚ್ಚರಿಸಿದ್ದಾರೆ. ಊರಿನಿಂದ ತಂದ ಬಾಟಲಿ ಮನೆಯಲ್ಲಿದ್ದರೆ ಲೇಬಲ್ ಓದಿ. ಹಾಗೆಯೇ ಸುಸ್ತಾದಾಗ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕಣ್ಣು ಮುಚ್ಚಬೇಡಿ. ನಾನೂ ಮುಚ್ಚಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಸೋಫಾದ ಸಂದಿಗೆ ಜಾರಿ ಉಸಿರುಗಟ್ಟುವ ಅಪಾಯ ದೊಡ್ಡದು. ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ದಿಂಬು, ದಪ್ಪ ಹೊದಿಕೆ ಬೇಡ.

ಡಾಕ್ಟರ ಹತ್ತಿರ ಹೋಗಬೇಕಾದ ಅಳುವೂ ಇದೆ. ಗೊರಕೆ ಹೊಡೆಯುತ್ತ ಮಧ್ಯೆ ಉಸಿರು ನಿಂತಂತಾಗುವುದು, ಕಿವಿ ಹಿಡಿದುಕೊಂಡು ಜ್ವರದಲ್ಲಿ ಅಳುವುದು, ರಾತ್ರಿಯೆಲ್ಲ ಮೈ ಕೆರೆದುಕೊಳ್ಳುವುದು, ಕಾಲು ಒದೆಯುತ್ತ ಹೊರಳಾಡುವುದು. ನಮ್ಮವಳಿಗೆ ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆ ಬಂತು. ಎದೆಹಾಲಿನ ಜೊತೆಗೆ ಹಗಲು ಹಸುವಿನ ಹಾಲು ಬಾಟಲಿಗಟ್ಟಲೆ ಕುಡಿದು ಊಟ ಬಿಟ್ಟಿದ್ದಳು. ಡ್ರಾಪ್ಸ್ ಕೊಟ್ಟೆವು, ಹಾಲು ಕಡಿಮೆ ಮಾಡಿದೆವು. ನಿದ್ದೆ ಸುಧಾರಿಸಿದ್ದು ಅದರಿಂದಲೋ, ಅಪ್ಪನ ಪಾಳಿಯಿಂದಲೋ, ಬರೀ ವಯಸ್ಸಿನಿಂದಲೋ ಹೇಳಲಾರೆ.

ಇಲ್ಲಿಯ ಬೇಸಿಗೆಯೂ ಒಂದು ಪಾತ್ರ. 2018ರ ಜೂನ್ 26ರಂದು ನಮ್ಮ ಮಸ್ಕತ್ ಗವರ್ನರೇಟಿನ ಕುರಿಯಾತ್‌ನಲ್ಲಿ ದಿನದ ಅತಿ ಕಡಿಮೆ ಉಷ್ಣಾಂಶವೇ 42.6 ಡಿಗ್ರಿ. ಇಂಥ ಊರಿನಲ್ಲಿ ಮಕ್ಕಳು ಆಡಲು ಹೊರಗೆ ಬರುವುದೇ ರಾತ್ರಿ ಎಂಟರ ಮೇಲೆ, ಮಾಲ್‌ಗಳಲ್ಲಿ ಹತ್ತೂವರೆಗೂ ಸ್ಟ್ರಾಲರ್‌ಗಳ ಸಾಲು. ಬೆಳಕು ಮಾತ್ರ ಐದೂಕಾಲಿಗೇ ಹಾಜರ್. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಲೆಕ್ಕ ಕೂಡಿದ್ದು ದಪ್ಪ ಪರದೆ ಹಾಕಿ, ಎಂಟೂವರೆಗೆ ಮನೆ ಸೇರಲು ಶುರು ಮಾಡಿದ ಮೇಲೆ. ಮಲಗುವ ಮೊದಲಿನ ಸ್ನಾನಕ್ಕೆ, ಗೊತ್ತಲ್ಲ, ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ. ಬೆಳಿಗ್ಗೆಯೇ ಬಕೆಟ್ ತುಂಬಿಸಿ ಒಳಗಿಡಿ.

ಊರಿಗೆ ಹೋಗಿ ಬಂದವರಿಗೆ ಒಂದು ಮಾತು. ಅಲ್ಲಿ ಆರು ಗಂಟೆಗೆ ಏಳುವ ಮಗು ಇಲ್ಲಿ ನಾಲ್ಕೂವರೆಗೆ ಏಳುತ್ತದೆ. ಅದು ಹಠವಲ್ಲ, ಗಡಿಯಾರ. ನಾಲ್ಕೈದು ದಿನ ಮಲಗಿಸುವ ಹೊತ್ತನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ತಳ್ಳಿ. ಅಷ್ಟರವರೆಗೆ ಆ ಹೊತ್ತಿಗೆ ಅಜ್ಜಿಗೆ ಫೋನ್ ಮಾಡಬಹುದು.

ಮಬೇಲಾದ ಹುಡುಗಿಗೆ ನಿನ್ನೆ ಫೋನ್ ಮಾಡಿದೆ. ಮೊದಲ ಪ್ರಶ್ನೆಯಾಗಿ "ನೀನು ಮಲಗಿದ್ಯಾ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾ, ಅವತ್ತು ನಾನು ಸುಳ್ಳು ಹೇಳಿದ್ದು" ಅಂದಳು. ಶನಿವಾರ ಮಧ್ಯಾಹ್ನ ಮಗನನ್ನು ನಮ್ಮ ಮನೆಗೆ ಬಿಟ್ಟು ಹೋಗಲಿದ್ದಾಳೆ, ಗಂಡ-ಹೆಂಡತಿ ಇಬ್ಬರೂ ಮಲಗಲಿಕ್ಕೆ.

ಇದನ್ನು ಬರೆಯುತ್ತಿರುವುದು ಗುರುವಾರ ರಾತ್ರಿ. ಫ್ರಿಜ್ಜಿನ ಚೀಟಿ ಹಳದಿಯಾಗಿದ್ದರೂ ಕಾಯಿದೆ ಇನ್ನೂ ಜಾರಿಯಲ್ಲಿದೆ. ಒಳಗಿನಿಂದ ಈಗಷ್ಟೇ "ಅಮ್ಮಾ" ಎಂದು ಕೂಗಿದಳು. ಇವರು ಎದ್ದು ಹೋದರು. "ನೀನಲ್ಲ, ಅಮ್ಮ" ಎನ್ನುವುದು ಕೇಳಿಸುತ್ತಿದೆ. ನೀರು ಬೇಕಂತೆ. ಅದೂ ನೀಲಿ ಲೋಟದಲ್ಲೇ ಬೇಕಂತೆ. ನೀಲಿ ಲೋಟ ಎಲ್ಲಿದೆ ಎಂದು ನನಗೆ ಗೊತ್ತು. ಅವರೂ ಹುಡುಕಿಕೊಳ್ಳುತ್ತಾರೆ. ನಾನು ಆಚೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೇನೆ.